ಶುಗರ್ ಇದ್ದವರ ಕಿಡ್ನಿ ಕೆಟ್ಟಾಗ ಮೈಲೋಮಾ ಇದೆಯೇ ಎಂದು ನೋಡುವುದು ಹೇಗೆ?

ಸಕಲೇಶಪುರ, ಬೇಲೂರು ಕಡೆ ತೋಟದ ಕೆಲಸ ಮಾಡಿದವರಿಗೆ ಬೆನ್ನು ನೋವು ಹೊಸದೇನಲ್ಲ. ಶುಗರ್ ಇರುವವರೂ ಜಾಸ್ತಿ. ಹಾಗಾಗಿ ಕಿಡ್ನಿ ಕೆಟ್ಟರೆ ‘ಶುಗರಿನಿಂದಲೇ ಬಂದಿದ್ದು’, ಬೆನ್ನು ನೋವಿಗೆ ‘ವಯಸ್ಸಾಯ್ತಲ್ವಾ’ ಎಂದು ಹೇಳಿ ಸುಮ್ಮನಾಗುತ್ತೇವೆ. ಹೆಚ್ಚಿನ ಸಲ ಅದು ನಿಜವೂ ಹೌದು. ಆದರೆ ಅಪರೂಪಕ್ಕೆ ಎರಡರ ಹಿಂದೆಯೂ ಮೈಲೋಮಾ ಇರುತ್ತದೆ. ಇದು ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟುವ ಕ್ಯಾನ್ಸರ್.

ಮೊದಲ ಕೆಲಸ, ವರ್ಷಕ್ಕೊಮ್ಮೆ ಎರಡು ಪರೀಕ್ಷೆ. ಟೈಪ್ 2 ಶುಗರ್ ಗೊತ್ತಾದ ವರ್ಷದಿಂದಲೇ ಇದು ಬೇಕು. ಒಂದು, ಮೂತ್ರದ ಅಲ್ಬುಮಿನ್–ಕ್ರಿಯೇಟಿನಿನ್ ಅನುಪಾತ. ಅಲ್ಬುಮಿನ್ ಎಂದರೆ ರಕ್ತದ ಒಂದು ಪ್ರೋಟೀನ್, ಕ್ರಿಯೇಟಿನಿನ್ ಎಂದರೆ ಕಿಡ್ನಿ ಹೊರಹಾಕುವ ಕಸ. ಬೆಳಗಿನ ಮೊದಲ ಮೂತ್ರ ಕೊಟ್ಟರೆ ಒಳ್ಳೆಯದು. ಒಂದು ಗ್ರಾಂ ಕ್ರಿಯೇಟಿನಿನ್‌ಗೆ ಅಲ್ಬುಮಿನ್ 30 ಮಿಲಿಗ್ರಾಂಗಿಂತ ಕಡಿಮೆ ಇರಬೇಕು. ಇನ್ನೊಂದು, ರಕ್ತದ ಕ್ರಿಯೇಟಿನಿನ್. ಅದರಿಂದ ಇಜಿಎಫ್ಆರ್, ಅಂದರೆ ಕಿಡ್ನಿ ಎಷ್ಟು ಸೋಸುತ್ತಿದೆ ಎಂಬ ಲೆಕ್ಕ ಸಿಗುತ್ತದೆ. ಅದು 3 ತಿಂಗಳು 60ಕ್ಕಿಂತ ಕೆಳಗೇ ಇದ್ದರೆ ಕಿಡ್ನಿ ಕಾಯಿಲೆ ಎನ್ನುತ್ತಾರೆ. ಜ್ವರ ಬಂದಾಗ ಅಲ್ಬುಮಿನ್ ಏರಬಹುದು. ಒಂದೇ ವರದಿ ನೋಡಿ ಗಾಬರಿಯಾಗದೆ ಮತ್ತೆ ಮಾಡಿಸಿ.

ಶುಗರ್ ಕಿಡ್ನಿಯ ಸೋಸುವ ಬಲೆಯನ್ನು ವರ್ಷಗಟ್ಟಲೆ ನಿಧಾನವಾಗಿ ಹಾಳು ಮಾಡುತ್ತದೆ. ಅಲ್ಬುಮಿನ್ ಸೋರುತ್ತದೆ, ಮೂತ್ರ ನೊರೆಯಾಗುತ್ತದೆ. ಜೊತೆಗೆ ಎಷ್ಟೋ ಜನರ ಕಣ್ಣಿನ ಅಕ್ಷಿಪಟಲವೂ ಕೆಟ್ಟಿರುತ್ತದೆ.

ಮೈಲೋಮಾದ ದಾರಿ ಬೇರೆ. ಮಜ್ಜೆಯ ಪ್ಲಾಸ್ಮಾ ಜೀವಕೋಶಗಳು ಕೆಟ್ಟು ಒಂದೇ ಬಗೆಯ ಪ್ರೋಟೀನನ್ನು ವಿಪರೀತ ತಯಾರಿಸುತ್ತವೆ. ಅದರ ಲೈಟ್ ಚೈನ್ ಎಂಬ ಸಣ್ಣ ತುಣುಕುಗಳು ಬಲೆ ದಾಟಿ, ಕಿಡ್ನಿಯ ಸಣ್ಣ ನಾಳಗಳಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತವೆ. ಮೂಳೆ ಕರಗಿ ರಕ್ತದಲ್ಲಿ ಕ್ಯಾಲ್ಸಿಯಂ ಏರಿದರೆ ಮೈಯ ನೀರು ಕಡಿಮೆಯಾಗಿ ಕಿಡ್ನಿಗೆ ಇನ್ನಷ್ಟು ಪೆಟ್ಟು. ಇದೆಲ್ಲ ಕೆಲವೇ ವಾರಗಳಲ್ಲಿ ಆಗಿಬಿಡಬಹುದು. ಮೂತ್ರದಲ್ಲಿ ಅದ್ದುವ ಪಟ್ಟಿ ಹಿಡಿಯುವುದು ಮುಖ್ಯವಾಗಿ ಅಲ್ಬುಮಿನ್ ಅನ್ನು. ಲೈಟ್ ಚೈನ್ ಅದರ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಪಟ್ಟಿ ಒಂದನ್ನೇ ನಂಬಿ ಕೂರಬೇಡಿ.

ಅನುಮಾನ ಯಾವಾಗ ಬರಬೇಕು? ಕಣ್ಣಿನ ಅಕ್ಷಿಪಟಲ ಚೆನ್ನಾಗಿದ್ದೂ ಕ್ರಿಯೇಟಿನಿನ್ ಬೇಗ ಬೇಗ ಏರಿದರೆ. ಬೆನ್ನು ಅಥವಾ ಪಕ್ಕೆಲುಬಿನ ನೋವು ವಾರಗಟ್ಟಲೆ ಬಿಡದಿದ್ದರೆ. ಹಿಮೋಗ್ಲೋಬಿನ್ ಇಳಿದು, ಪದೇ ಪದೇ ಸೋಂಕು ಬರುತ್ತಿದ್ದರೆ. 60 ದಾಟಿದವರಲ್ಲಿ ಇನ್ನೂ ಎಚ್ಚರ ಬೇಕು. ಆಗ ಡಾಕ್ಟರನ್ನು ಬಾಯಿಬಿಟ್ಟು ಕೇಳಿ: ‘ಸಾರ್, ಕ್ಯಾಲ್ಸಿಯಂ, ಪ್ರೋಟೀನ್ ಎಲೆಕ್ಟ್ರೋಫೊರೆಸಿಸ್, ಫ್ರೀ ಲೈಟ್ ಚೈನ್ ಮಾಡಿಸೋಣವಾ?’ ಎಲೆಕ್ಟ್ರೋಫೊರೆಸಿಸ್ ಎಂದರೆ ಪ್ರೋಟೀನುಗಳನ್ನು ಬೇರೆ ಬೇರೆ ಮಾಡಿ ನೋಡುವ ಪರೀಕ್ಷೆ. ಅದೊಂದನ್ನೇ ಮಾಡಿಸಿದರೆ ಕೆಲವರ ಕಾಯಿಲೆ ತಪ್ಪಿಹೋಗುತ್ತದೆ. ಆಮೇಲೆ ಮಜ್ಜೆಯ ಪರೀಕ್ಷೆ. ಅದಕ್ಕೂ ಚಿಕಿತ್ಸೆಗೂ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ.

ಈಗ ನನಗೆ ತುಂಬಾ ಚಿಂತೆ ತರುವ ವಿಷಯ, ನೋವಿನ ಮಾತ್ರೆ. ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೆ ತಂದ ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್ ಇವೆಲ್ಲ ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಇಂಜೆಕ್ಷನ್ ರೂಪದಲ್ಲಿದ್ದರೂ ಅಷ್ಟೇ. ಶುಗರಿನಿಂದ ಸೋತ ಕಿಡ್ನಿ ಇದರಿಂದ ಇನ್ನಷ್ಟು ಸೋಲುತ್ತದೆ. ಮೈಲೋಮಾದಲ್ಲಂತೂ ಬೆನ್ನು ನೋವಿಗೆ ನುಂಗಿದ ಮಾತ್ರೆಯೇ ಕಿಡ್ನಿಯನ್ನು ನಿಲ್ಲಿಸಿಬಿಡಬಹುದು. ದಯವಿಟ್ಟು ಡಾಕ್ಟರನ್ನು ಕೇಳದೆ ನುಂಗಬೇಡಿ. ಸಾಮಾನ್ಯವಾಗಿ ಅವರು ಪ್ಯಾರಾಸಿಟಮಾಲ್ ಹೇಳುತ್ತಾರೆ. ಸಿ.ಟಿ. ಸ್ಕ್ಯಾನಿಗೆ ಬಣ್ಣದ ಇಂಜೆಕ್ಷನ್ ಕೊಡುವ ಮುನ್ನ ಕಿಡ್ನಿ ತೊಂದರೆ ಇದೆ ಎಂದು ಹೇಳಿ.

ನೀರಿನ ವಿಷಯದಲ್ಲಿ ಎಲ್ಲರಿಗೂ ಒಂದೇ ಸಲಹೆ ಇಲ್ಲ. ಮೈಲೋಮಾದವರಿಗೆ ಸಾಮಾನ್ಯವಾಗಿ ದಿನಕ್ಕೆ 3 ಲೀಟರ್‌ವರೆಗೆ ಕುಡಿಯಲು ಹೇಳುತ್ತಾರೆ. ಕಾಲು ಊದಿದ್ದರೆ ಅಥವಾ ಮೂತ್ರ ಕಡಿಮೆಯಾಗಿದ್ದರೆ ಸ್ವಂತ ತೀರ್ಮಾನ ಬೇಡ. ಶುಗರ್ ಇರುವವರಿಗೆ ಬಿ.ಪಿ. 130/80ರ ಒಳಗಿರಲಿ.

ಮೈಲೋಮಾಕ್ಕೆ ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಔಷಧಿ ಶುಗರನ್ನು ಏರಿಸುತ್ತದೆ. ಆ ದಿನಗಳಲ್ಲಿ ಮನೆಯಲ್ಲೇ ಗ್ಲುಕೋಮೀಟರಿನಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ಬೇಗ ಚಿಕಿತ್ಸೆ ಶುರುವಾದರೆ ಕಿಡ್ನಿ ಚೇತರಿಸಿಕೊಳ್ಳುವ ಸಾಧ್ಯತೆ ಇದೆ. ಡಯಾಲಿಸಿಸ್‌ವರೆಗೆ ಹೋದ ಕೆಲವರೂ ಅದರಿಂದ ಹೊರಬಂದಿದ್ದಾರೆ. ಹಳೆಯ ಕ್ರಿಯೇಟಿನಿನ್ ಚೀಟಿಗಳನ್ನೆಲ್ಲ ತಾರೀಕಿನ ಪ್ರಕಾರ ಜೋಡಿಸಿ, ಮುಂದಿನ ಸಲ ಡಾಕ್ಟರ ಮೇಜಿನ ಮೇಲಿಡಿ.