ವರ್ಷಗಟ್ಟಲೆ ನಿಂತ ಮಿಲಿಟರಿ ಟ್ರಕ್: ಸ್ಟಾರ್ಟರ್‌ಗೆ ಮುಂಚೆ ಟ್ಯಾಂಕ್ ನೋಡಿ

ಒಂದೆರಡು ವರ್ಷ ನಿಂತ ಡೀಸೆಲ್ ಟ್ರಕ್ಕಿಗೆ ಬ್ಯಾಟರಿ ಜೋಡಿಸಿದ ಕೂಡಲೇ ಸ್ಟಾರ್ಟರ್ ಒತ್ತಬೇಡಿ. ಟ್ಯಾಂಕಿನ ತಳದಲ್ಲಿ ಕೂತ ನೀರು, ಗಸಿ ಎಲ್ಲ ಫಿಲ್ಟರ್ ಕಡೆಗೆ ಹೊರಡುತ್ತವೆ. ಎಂಜಿನ್ನಿಗೆ ಡೀಸೆಲ್ ಒತ್ತಿ ಕಳಿಸುವ ಇಂಜೆಕ್ಷನ್ ಪಂಪಿನೊಳಗೆ ಇನ್ನೂ ದೊಡ್ಡ ಅಪಾಯ ಇರಬಹುದು. ಅದನ್ನು ಮುಂದೆ ಹೇಳುತ್ತೇವೆ.

ಮೊದಲು ಟ್ಯಾಂಕಿನ ಡ್ರೈನ್ ನಟ್ ಸಡಿಲಿಸಿ, ತಳದಿಂದ ಒಂದು ಲೀಟರ್ ಡೀಸೆಲನ್ನು ಗಾಜಿನ ಜಾಡಿಗೆ ಹಿಡಿದು 24 ಗಂಟೆ ಅಲುಗಾಡಿಸದೆ ಇಡಿ. ತಿಳಿಯಾಗಿ ಹೊಳೆಯುತ್ತಿದ್ದರೆ ಒಳ್ಳೆಯದು. ಕೆಳಗೆ ನೀರು, ಮೇಲೆ ಡೀಸೆಲ್, ನಡುವೆ ಕಪ್ಪು ಲೋಳೆಯ ಪದರ ಕಂಡರೆ ಅದು ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾ. ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲೇ ಅವು ಬೆಳೆಯುವುದು, ಆದ್ದರಿಂದ ನೀರು ತೆಗೆಯದೆ ಬರೀ ಔಷಧಿ ಸುರಿದು ಪ್ರಯೋಜನವಿಲ್ಲ. ಬಣ್ಣ ಕಪ್ಪಾಗಿ ವಾರ್ನಿಷ್‌ನಂಥ ಹುಳಿ ವಾಸನೆ ಬಂದರೆ ಡೀಸೆಲ್ ಗಾಳಿಯ ಆಮ್ಲಜನಕಕ್ಕೆ ಕೆಟ್ಟು ಅಂಟಾಗಿದೆ ಎಂದರ್ಥ. ತಾಮ್ರದ ಪೈಪು, ಸತು ಲೇಪಿಸಿದ ಡಬ್ಬ ಈ ಕೆಡುವಿಕೆಯನ್ನು ಚುರುಕುಗೊಳಿಸುತ್ತವೆ. ಬಯೋಡೀಸೆಲ್ ಬೆರೆತದ್ದು ನೀರನ್ನೂ ಹೆಚ್ಚು ಹೀರಿ ಇನ್ನೂ ಬೇಗ ಕೆಡುತ್ತದೆ. ಇಂಥದ್ದನ್ನು ಹೊಸ ಡೀಸೆಲ್‌ಗೆ ಬೆರೆಸಿ ಖಾಲಿ ಮಾಡುವ ಆಸೆ ಬೇಡ. ಅಮೆರಿಕದ ಎಂ35ಎ2 ಟ್ರಕ್ಕಿನ ಮಲ್ಟಿಫ್ಯುಯೆಲ್ ಎಂಜಿನ್ ಹಲವು ಬಗೆಯ ಇಂಧನಗಳಲ್ಲಿ ಓಡುತ್ತದೆ ನಿಜ, ಆದರೆ ನೀರನ್ನೂ ಅಂಟನ್ನೂ ಅದರ ಪಂಪ್ ಕೂಡ ತಾಳುವುದಿಲ್ಲ.

ಕೆಟ್ಟದ್ದಾದರೆ ಪೂರ್ತಿ ಹರಿಸಿ, ಟ್ಯಾಂಕ್ ಇಳಿಸಿ ತೊಳೆದು ಒಣಗಿಸಿ. ಹೀರುವ ಪೈಪಿನ ಜಾಲರಿಯನ್ನು ಮರೆಯಬೇಡಿ, ಎಷ್ಟೋ ಸಲ ಕಟ್ಟಿಕೊಂಡಿರುವುದು ಅದೇ. ಲೋಳೆ ಇದ್ದಲ್ಲಿ ಡೀಸೆಲ್‌ಗೆಂದೇ ತಯಾರಾದ ಬಯೋಸೈಡ್ (ಸೂಕ್ಷ್ಮಜೀವಿಗಳನ್ನು ಕೊಲ್ಲುವ ಔಷಧಿ) ಅನ್ನು ಡಬ್ಬದ ಮೇಲಿನ ಅಳತೆಯಂತೆ ಹಾಕಿ. ಸತ್ತ ಲೋಳೆ ಕಳಚಿ ಫಿಲ್ಟರ್ ಕಟ್ಟುತ್ತದೆ, ಅದಕ್ಕಾಗಿ ಎರಡು ಸೆಟ್ ಫಿಲ್ಟರ್ ಕೈಯಲ್ಲಿರಲಿ.

ರಬ್ಬರ್ ಹೋಸ್‌ಗಳನ್ನೆಲ್ಲ ಬದಲಿಸಿ. ಹೀರುವ ಬದಿಯ ಬಿರುಕಿನಿಂದ ಡೀಸೆಲ್ ಸೋರುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ. ಅನುಮಾನವಿದ್ದರೆ ಪಂಪಿನ ಮುಂಚೆ ತಾತ್ಕಾಲಿಕವಾಗಿ ಒಂದು ಪಾರದರ್ಶಕ ಹೋಸ್ ತುಂಡು ಸೇರಿಸಿ ಗುಳ್ಳೆ ನೋಡಿ. ಹೆಚ್ಚು ಗಂಧಕದ ಹಳೆಯ ಡೀಸೆಲ್‌ನಲ್ಲಿ ಉಬ್ಬಿದ್ದ ನೈಟ್ರೈಲ್ ರಬ್ಬರ್ ಸೀಲುಗಳು ಈಗಿನ ಕಡಿಮೆ ಗಂಧಕದ ಡೀಸೆಲ್‌ನಲ್ಲಿ ಕುಗ್ಗಿ ಸೋರಬಹುದು. ಬದಲಿಸುವಾಗ ವೈಟಾನ್ ಎಂಬ ರಬ್ಬರಿನ ಸೀಲು ಹಾಕಿ.

ಈಗ ಪಂಪ್. ಪ್ರತಿ ಸಿಲಿಂಡರಿಗೂ ಒಂದೊಂದು ಪಂಪ್ ಭಾಗ ಸಾಲಾಗಿರುವ ಇನ್‌ಲೈನ್ ಪಂಪಾದರೆ ಪಕ್ಕದ ಮುಚ್ಚಳ ತೆಗೆದು, ಡೀಸೆಲ್ ಪ್ರಮಾಣ ನಿಯಂತ್ರಿಸುವ ಸರಳಾದ ರ‍್ಯಾಕನ್ನು ಬೆರಳಿನಿಂದ ತಳ್ಳಿ. ಎರಡೂ ಕಡೆ ಸರಾಗವಾಗಿ ಜಾರಬೇಕು. ಅಂಟಿನಿಂದ ಅದು ಪೂರ್ತಿ ಇಂಧನದ ಸ್ಥಾನದಲ್ಲೇ ಹಿಡಿದುಕೊಂಡಿದ್ದರೆ, ಎಂಜಿನ್ ಹೊತ್ತಿದ ಮರುಕ್ಷಣ ವೇಗ ಏರುತ್ತಲೇ ಹೋಗುತ್ತದೆ, ಸ್ಟಾಪ್ ಕೇಬಲ್ ಎಳೆದರೂ ನಿಲ್ಲುವುದಿಲ್ಲ. ಸುತ್ತಿಗೆ ಬೇಡ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ದಿನ ನೆನೆಯಲು ಬಿಡಿ, ಆಮೇಲೂ ಜಾರದಿದ್ದರೆ ಪಂಪ್ ಬಿಚ್ಚಲೇಬೇಕು. ಯಾವ ಪಂಪಾದರೂ ಮೊದಲ ಸ್ಟಾರ್ಟ್ ವೇಳೆ ಗಾಳಿ ಒಳಹೋಗುವ ಬಾಯಿಯ ಬಳಿ ಒಬ್ಬರು ದಪ್ಪ ಹಲಗೆ ಹಿಡಿದು ನಿಂತಿರಲಿ. ಎಂಜಿನ್ ಕೈಮೀರಿದರೆ ಆ ಬಾಯಿಯನ್ನು ಹಲಗೆಯಿಂದ ಮುಚ್ಚಿಯೇ ನಿಲ್ಲಿಸಬೇಕು. ಬಟ್ಟೆಯಾಗಲಿ ಬರಿಗೈಯಾಗಲಿ ಕೂಡದು.

ಇಂಧನ ಪೈಪುಗಳೊಳಗಿನ ಗಾಳಿ ತೆಗೆಯುವುದು ಟ್ಯಾಂಕಿನ ಕಡೆಯಿಂದ ಶುರು. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಕೈಪಂಪ್ ಒತ್ತಿ ಬಿಗಿ ಮಾಡಿ. ಆಮೇಲೆ ಇಂಜೆಕ್ಷನ್ ಪಂಪಿನ ಸ್ಕ್ರೂ. ಕೊನೆಗೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳ ಪೈಪಿನ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ ಎಂಜಿನ್ ತಿರುಗಿಸಿ, ಡೀಸೆಲ್ ಚಿಮ್ಮಿದ ಕೂಡಲೇ ಬಿಗಿ ಮಾಡಿ. ಸೋರಿಕೆಯನ್ನು ಬೆರಳಿಟ್ಟು ನೋಡಬೇಡಿ, ರಟ್ಟಿನ ತುಂಡು ಹಿಡಿಯಿರಿ. ಆ ಒತ್ತಡದ ಡೀಸೆಲ್ ಚರ್ಮದೊಳಗೆ ಹೊಕ್ಕರೆ ಗಾಯ ಸೂಜಿಮೊನೆಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮತ್ತೆ ನಿಲ್ಲಿಸುವುದಿದ್ದರೆ ತಾಜಾ ಡೀಸೆಲ್‌ಗೇ ಸ್ಟೆಬಿಲೈಸರ್ (ಕೆಡದಂತೆ ತಡೆಯುವ ದ್ರವ) ಹಾಕಿ, ಅದು ಕೆಟ್ಟದ್ದನ್ನು ಸರಿಮಾಡುವುದಿಲ್ಲ. 15 ನಿಮಿಷ ಓಡಿಸಿ ಇಂಜೆಕ್ಟರ್‌ವರೆಗೂ ತಲುಪಿಸಿ, ಟ್ಯಾಂಕನ್ನು 95 ಶೇಕಡಾ ತುಂಬಿಡಿ. ತೊಳೆದ ಮೇಲಿನ ಮೊದಲ ಫಿಲ್ಟರನ್ನು ಸುಮಾರು 10 ಗಂಟೆ ಓಡಿದ ಮೇಲೆ ತೆಗೆದು ಕತ್ತರಿಸಿ ನೋಡಿ. ಮಡಿಕೆಗಳಲ್ಲಿ ಕಪ್ಪು ಲೋಳೆ ಇನ್ನೂ ಇದ್ದರೆ ಟ್ಯಾಂಕ್ ಮತ್ತೊಮ್ಮೆ ಇಳಿಸಬೇಕು.