ಹ್ಯಾರಿ ಪಾಟರ್ ಓದುವ ಮಕ್ಕಳ ಜೊತೆ ಸಾವಿನ ಬಗ್ಗೆ ಮಾತಾಡುವುದು ಹೇಗೆ?

"ಟೀಚರ್, ಹ್ಯಾರಿ ಪಾಟರ್‌ಗೆ ಸಿಕ್ಕಂಥ ಕಲ್ಲು ನನಗೂ ಸಿಕ್ಕರೆ ಅಜ್ಜೀನ ಕರೀಬಹುದಾ?"

ಸಂಡೇ ಸ್ಕೂಲಿನಲ್ಲಿ ಹನ್ನೆರಡು ವರ್ಷದ ಹುಡುಗ ಕೇಳಿದ. ಕಥೆಯಲ್ಲಿ ಆ ಕಲ್ಲು ಸತ್ತವರನ್ನು ಕರೆಸುತ್ತದೆ. ಅಜ್ಜಿ ತೀರಿಕೊಂಡು ಮೂರು ವಾರ ಆಗಿತ್ತು. ನಾನು ಗಡಿಬಿಡಿಯಲ್ಲಿ "ಅಜ್ಜಿ ಸ್ವರ್ಗದಲ್ಲಿ ಚೆನ್ನಾಗಿದ್ದಾರಪ್ಪ" ಅಂದುಬಿಟ್ಟೆ. ಅವನು ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ಕಚ್ಚುತ್ತಾ ಕೂತ. ಹಾಗೆ ಹೇಳಬಾರದಿತ್ತು. ಮುಂದಿನ ಭಾನುವಾರದಿಂದ ದಾರಿ ಬದಲಾಯಿಸಿದೆ.

ಬೈಬಲ್ ಆಮೇಲೆ ತೆಗೆಯಿರಿ, ಮೊದಲು ಕಥೆ ಕೇಳಿ. ಕಲ್ಲಿನಿಂದ ಬಂದವರು ಹೇಗಿದ್ದರು? ಹ್ಯಾರಿ ಪಾಟರ್‌ನೊಳಗೇ ಬರುವ ಮೂವರು ಅಣ್ಣತಮ್ಮಂದಿರ ಕಥೆಯಲ್ಲಿ ಎರಡನೆಯವನು ಈ ಕಲ್ಲಿನಿಂದ ಸತ್ತುಹೋದ ಹುಡುಗಿಯನ್ನು ಕರೆಸುತ್ತಾನೆ. ಅವಳು ಬರುತ್ತಾಳೆ, ಆದರೆ ನಡುವೆ ಪರದೆ ಇದ್ದ ಹಾಗೆ, ತಣ್ಣಗೆ. ಮಕ್ಕಳಿಗೆ ಇದು ಚೆನ್ನಾಗಿ ನೆನಪಿರುತ್ತದೆ. ಈಗ ಯೋಹಾನನ ಸುವಾರ್ತೆ ಓದಿ. ಸತ್ತು ನಾಲ್ಕು ದಿನವಾದ ಮೇಲೆ ಯೇಸು ಎಬ್ಬಿಸಿದ ಲಾಜರ 12ನೇ ಅಧ್ಯಾಯದಲ್ಲಿ ಎಲ್ಲರ ಜೊತೆ ಊಟಕ್ಕೆ ಕೂತಿದ್ದಾನೆ! "ಅವನು ಮತ್ತೆ ಸಾಯ್ತಾನಲ್ವಾ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಹೌದು ಅನ್ನಿ. ನಾವು ಕಾಯುವ ಪುನರುತ್ಥಾನ ಅದಕ್ಕಿಂತ ದೊಡ್ಡದು, ಮತ್ತೆ ಸಾಯದ ಮೈ ಸಮೇತ ಏಳುವುದು.

ಆಮೇಲೆ ಸಮಾಧಿಯ ಹತ್ತಿರ ಬನ್ನಿ. 2007ರಲ್ಲಿ ಬಂದ ಏಳನೇ ಪುಸ್ತಕದಲ್ಲಿ ಹ್ಯಾರಿಯ ಅಪ್ಪ ಅಮ್ಮನ ಸಮಾಧಿಯ ಮೇಲಿರುವುದು ಬೈಬಲಿನಲ್ಲಿ ಪೌಲ ಬರೆದ 1 ಕೊರಿಂಥ 15:26ರ ಮಾತು. ನಾಶವಾಗುವ ಕೊನೆಯ ಶತ್ರು ಮರಣ. ಹ್ಯಾರಿ ಗಾಬರಿಯಾಗುತ್ತಾನೆ, ಇದು ಕಥೆಯ ಖಳನಾಯಕ ವೊಲ್ಡೆಮಾರ್ಟ್ ಕಡೆಯವರ ಯೋಚನೆ ಅಲ್ವಾ ಅಂತ. ಇಲ್ಲಿ ಅವಸರ ಬೇಡ, ಮಕ್ಕಳೇ ಜಗಳವಾಡಲಿ. ಸಾವು ವೊಲ್ಡೆಮಾರ್ಟ್‌ಗೂ ಶತ್ರು, ಪೌಲನಿಗೂ ಶತ್ರು. ಆದರೆ ವೊಲ್ಡೆಮಾರ್ಟ್ ಸಾವಿನಿಂದ ತಪ್ಪಿಸಿಕೊಳ್ಳಲು ಬೇರೆಯವರನ್ನು ಕೊಂದು ತನ್ನ ಆತ್ಮವನ್ನೇ ತುಂಡು ಮಾಡಿಕೊಳ್ಳುತ್ತಾನೆ. ಯೇಸು ಸಾವಿನೊಳಗೇ ಹೋಗಿ ಗೆದ್ದು ಬರುತ್ತಾನೆ.

'ಲಾರ್ಡ್ ಆಫ್ ದ ರಿಂಗ್ಸ್' ಬರೆದ ಟೋಲ್ಕಿನ್‌ರನ್ನು ಓದಿದವರಿದ್ದರೆ ಅದನ್ನೂ ತನ್ನಿ. ಅವರು ಕಥೋಲಿಕರು, ಆದರೂ ಅವರ ಲೋಕದಲ್ಲಿ ಸಾವು ಮನುಷ್ಯರಿಗೆ ಸಿಕ್ಕ ವರ. ಪೌಲನ ಮಾತಿಗೂ ಇದಕ್ಕೂ ಸುಮ್ನೆ ಗಂಟು ಹಾಕಲು ಹೋಗಬೇಡಿ.

ಕೊನೆಗೆ ಯೋಹಾನ 11:35 ಓದಿ: ಯೇಸು ಕಣ್ಣೀರು ಬಿಟ್ಟನು. ಲಾಜರನನ್ನು ಎಬ್ಬಿಸುತ್ತೇನೆಂದು ಗೊತ್ತಿದ್ದೂ ಅತ್ತ. ಇಲ್ಲಿ ವಿವರಣೆ ಕೊಡಬೇಡಿ, ಸುಮ್ಮನಿರಿ. ನಾನು ಸುಮ್ಮನಿದ್ದಾಗ ಆ ಹುಡುಗನೇ ಬಾಯಿಬಿಟ್ಟ. ಅಜ್ಜಿ ಕಾಣಿಕೆ ದುಡ್ಡನ್ನು ಸೆರಗಿನ ತುದಿಗೆ ಗಂಟು ಕಟ್ಟಿ ಚರ್ಚಿಗೆ ತರುತ್ತಿದ್ದರಂತೆ. ಆ ಗಂಟು ಬಿಚ್ಚುವುದು ಇವನ ಕೆಲಸವಾಗಿತ್ತಂತೆ.