ಅಮ್ಮನಿಗೆ ಪವರ್ ವೀಲ್‌ಚೇರ್ ಆರಿಸಿದ ಬಗೆ

ಪವರ್ ವೀಲ್‌ಚೇರ್ ತರಬೇಕು ಅಂದ ಕೂಡಲೇ ಎಲ್ಲರೂ ಕೇಳಿದ್ದು ಮೋಟಾರಿನ ಬಗ್ಗೆ. ಸ್ಪೀಡ್ ಎಷ್ಟು, ಒಂದು ಚಾರ್ಜಿಗೆ ಎಷ್ಟು ದೂರ ಹೋಗುತ್ತದೆ, ಮಡಚಬಹುದಾ? ನಾನು ಮಾತ್ರ ಟೇಪು ಹಿಡಿದು ಅಮ್ಮನ ಅಳತೆ ತೆಗೆಯುವುದರಿಂದ ಶುರು ಮಾಡಿದೆ. ಬೆಳಗ್ಗೆಯಿಂದ ರಾತ್ರಿಯವರೆಗೆ ಅವಳು ಕೂರುವ ಜಾಗ ಅದು. ಕೂರುವುದೇ ಸರಿಹೋಗದಿದ್ದರೆ ಮೋಟಾರು ಎಷ್ಟು ಗಟ್ಟಿಯಿದ್ದು ಏನು ಬಂತು?

ಪಾರ್ಶ್ವವಾಯು ಆದ ಮೇಲೆ ಅಮ್ಮನ ಬಲಗೈ, ಬಲಗಾಲು ಮಾತು ಕೇಳುವುದಿಲ್ಲ. ಎಡಗೈ ಗಟ್ಟಿಯಾಗಿದೆ, ಸ್ವಲ್ಪ ನಡುಗುತ್ತದೆ ಅಷ್ಟೆ. ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಿಕೊಳ್ಳಲು ತರಬೇತಿ ಕೊಡುವ ಚಿಕಿತ್ಸಕರು) ಮೊದಲು ನೋಡಿದ್ದು ಅವಳ ಗಮನವನ್ನು. ಈ ಕಾಯಿಲೆ ಬಂದವರಲ್ಲಿ ಕೆಲವರಿಗೆ ಒಂದು ಪಕ್ಕದಲ್ಲಿ ಇರುವುದು ಗಮನಕ್ಕೇ ಬರುವುದಿಲ್ಲ. ಕಣ್ಣು ಸರಿಯಿದ್ದರೂ ಬಾಗಿಲ ಚೌಕಟ್ಟಿಗೆ ಹೋಗಿ ಗುದ್ದುತ್ತಾರೆ. ಅಂಥವರ ಕೈಗೆ ಜಾಯ್‌ಸ್ಟಿಕ್, ಅಂದರೆ ಚೇರ್ ಓಡಿಸುವ ಪುಟ್ಟ ಹಿಡಿಕೆ, ಕೊಡುವ ಮೊದಲು ತುಂಬಾ ಅಭ್ಯಾಸ ಬೇಕು. ಅಮ್ಮನಿಗೆ ಆ ತೊಂದರೆ ಇರಲಿಲ್ಲ.

ಸೀಟಿನ ಅಗಲ ಎಂದರೆ ಕೂತಾಗ ಸೊಂಟದ ಅಗಲ, ಜೊತೆಗೆ ಎರಡೂ ಪಕ್ಕದಲ್ಲಿ ಒಂದೊಂದು ಬೆರಳಿನಷ್ಟು ಜಾಗ. ಆರಾಮಾಗಿರಲಿ ಅಂತ ದೊಡ್ಡ ಸೀಟು ತೆಗೆದುಕೊಳ್ಳಬೇಡಿ. ಸೋತ ಪಕ್ಕಕ್ಕೆ ವಾಲಿಕೊಂಡು ಕೂತು ಬೆನ್ನು ಸೊಟ್ಟಗಾಗುತ್ತದೆ. ಆಳವೂ ಅಷ್ಟೇ ಮುಖ್ಯ. ಸೀಟಿನ ಅಂಚಿಗೂ ಮೊಣಕಾಲಿನ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ಹಿಡಿಸಬೇಕು. ಸೀಟು ಉದ್ದವಾದರೆ ಮುಂದಕ್ಕೆ ಜಾರಿ, ಭಾರವೆಲ್ಲ ಬಾಲಮೂಳೆ ಮೇಲೆ ಬೀಳುತ್ತದೆ. ಕಾಲು ಇಡುವ ಹಲಗೆ ತುಂಬಾ ಮೇಲಿದ್ದರೆ ತೊಡೆ ಎದ್ದುಬಿಡುತ್ತದೆ, ಆಗಲೂ ಕುಂಡಿಯ ಮೂಳೆಗೇ ಭಾರ.

ಅದಕ್ಕೇ ಕುಶನ್ ವಿಷಯದಲ್ಲಿ ನಾನು ಎಲ್ಲೂ ರಾಜಿಯಾಗಲಿಲ್ಲ. ಫೋಮ್, ಜೆಲ್, ಗಾಳಿ ತುಂಬುವುದು, ಮೂರನ್ನೂ ನೋಡಿದೆವು. ಅಮ್ಮನನ್ನು ಕೂರಿಸಿ, ಅಂಗೈ ಮೇಲೆ ಮಾಡಿ ಕುಂಡಿಯ ಮೂಳೆಯ ಕೆಳಗೆ ಕುಶನ್ ಅಡಿಯಲ್ಲಿ ಕೈ ತೂರಿಸಿದೆ. ಮೂಳೆ ನೇರ ಕೈಗೆ ತಗುಲಿದರೆ ಆ ಕುಶನ್ ಅವಳ ಭಾರ ಹೊರುವುದಿಲ್ಲ ಅಂತಲೇ ಅರ್ಥ. ಈಗಲೂ ರಾತ್ರಿ ಮಲಗಿಸುವಾಗ ಚರ್ಮ ನೋಡುತ್ತೇನೆ. ಒತ್ತಿದರೂ ಮಾಸದ ಕೆಂಪು ಕಂಡರೆ ಎಚ್ಚರ, ಅದು ಒತ್ತಡದ ಹುಣ್ಣಿನ ಶುರು ಇರಬಹುದು. ಚರ್ಮ ಕಪ್ಪಗಿದ್ದವರಲ್ಲಿ ಕೆಂಪು ಕಾಣದೇ ಇರಬಹುದು, ಆಗ ಅಲ್ಲಿ ಬಿಸಿಯಿದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಬೇಕು.

ಬೆನ್ನು ಮಾತ್ರ ಹಿಂದಕ್ಕೆ ಹೋಗುವುದು ರಿಕ್ಲೈನ್. ಸೀಟು ಬೆನ್ನು ಎರಡೂ ಒಟ್ಟಿಗೆ ವಾಲುವುದು ಟಿಲ್ಟ್. ರಿಕ್ಲೈನ್‌ನಲ್ಲಿ ಮೈ ಜಾರಿ ಚರ್ಮ ಎಳೆಯುತ್ತದೆ. ಟಿಲ್ಟ್‌ನಲ್ಲಿ ಸೊಂಟದ ಕೋನ ಬದಲಾಗುವುದಿಲ್ಲ, ಭಾರ ಬೆನ್ನಿಗೆ ಹಂಚಿಹೋಗುತ್ತದೆ. ತಾನಾಗಿ ಎದ್ದು ಮೈ ಸರಿಸಿಕೊಳ್ಳಲಾಗದ ಅಮ್ಮನಿಗೆ ಟಿಲ್ಟ್ ಬೇಕೇ ಬೇಕಿತ್ತು. ಇಲ್ಲಿಗೆ ಮಡಚುವ ಹಗುರ ಚೇರ್‌ಗಳು ಪಟ್ಟಿಯಿಂದ ಹೊರಗಾದವು. ಓಡಾಟ ಜಾಸ್ತಿ, ಕೂರುವುದು ಕಡಿಮೆ ಅನ್ನುವವರಿಗೆ ಅವು ಚೆನ್ನಾಗಿಯೇ ಇವೆ.

ಕೊನೆಗೆ ತೀರ್ಮಾನ ಆಗಿದ್ದು ಒಂದು ಸಣ್ಣ ಭಾಗದ ಮೇಲೆ. ಜಾಯ್‌ಸ್ಟಿಕ್ ಎಡಕ್ಕೆ ಬೇಕು, ಗಟ್ಟಿಯಿರುವ ಕೈ ಅದೇ ತಾನೆ. ಆದರೆ ಚೇರಿನಿಂದ ಹಾಸಿಗೆಗೆ ಸರಿಯುವಾಗ ಗಟ್ಟಿ ಕಾಲು ಊರಿ ಅವಳು ಎಡಕ್ಕೇ ಸರಿಯುತ್ತಾಳೆ. ಅಂದರೆ ಜಾಯ್‌ಸ್ಟಿಕ್ ಇರುವ ಕೈಯಾಸರೆಯೇ ದಾರಿಗೆ ಅಡ್ಡ! ಪಕ್ಕಕ್ಕೆ ತಿರುಗುವ ಜಾಯ್‌ಸ್ಟಿಕ್ ತೋಳು, ಮೇಲಕ್ಕೆ ಎತ್ತಬಹುದಾದ ಕೈಯಾಸರೆ, ಹಾಸಿಗೆಯ ಎತ್ತರಕ್ಕೆ ಹೊಂದುವ ಸೀಟು, ಈ ಮೂರೂ ಇದ್ದ ಮಾದರಿಯನ್ನೇ ಹಿಡಿದೆವು. ಅದೇ ತೋಳನ್ನು ತಿರುಗಿಸಿದರೆ ಅಮ್ಮ ಮೇಜಿನ ಹತ್ತಿರಕ್ಕೂ ಹೋಗಬಹುದು.

ಚಕ್ರದಲ್ಲಿ ಮಿಡ್‌ವೀಲ್ ಆರಿಸಿದೆ. ಮೋಟಾರಿನ ಚಕ್ರ ನಡುವೆ ಇರುವುದರಿಂದ ಇದ್ದಲ್ಲೇ ತಿರುಗುತ್ತದೆ, ಇಕ್ಕಟ್ಟಿನ ಪ್ಯಾಸೇಜಿಗೆ ಅದೇ ಸರಿ. ತಗ್ಗಿನಲ್ಲಿ ಮುಂದಿನ ಹಿಂದಿನ ಪುಟ್ಟ ಚಕ್ರಗಳು ನೆಲಕ್ಕೆ ಊರಿ, ನಡುವಿನ ಚಕ್ರ ಹಿಡಿತ ಕಳೆದುಕೊಳ್ಳುವುದು ಅದರ ದೋಷ. ಮನೆಯೊಳಗೇ ಜಾಸ್ತಿ ಇರುವವರಿಗೆ ಅದೇನೂ ದೊಡ್ಡದಲ್ಲ. ಮೆಟ್ಟಿಲಿಗೆ 1:12 ಇಳಿಜಾರಿನ ರ‍್ಯಾಂಪ್ ಹಾಕಿಸಿದೆ, ಅಂದರೆ 10 ಸೆಂಟಿಮೀಟರ್ ಎತ್ತರಕ್ಕೆ 120 ಸೆಂಟಿಮೀಟರ್ ಉದ್ದ. ನೋಡಲು ಉದ್ದ ಅನಿಸುತ್ತದೆ, ಆದರೂ ಕಡಿಮೆ ಮಾಡಬೇಡಿ.

ಬ್ಯಾಟರಿ ಸೀಸದ್ದಾದರೆ ಓಡಿಸಿದ ದಿನ ರಾತ್ರಿ ಚಾರ್ಜ್ ಮಾಡಲೇಬೇಕು, ಪೂರ್ತಿ ಖಾಲಿ ಬಿಟ್ಟರೆ ಬೇಗ ಹಾಳಾಗುತ್ತದೆ. ಕಂಪನಿ ಹೇಳುವ ದೂರ ಸಮತಟ್ಟು ನೆಲದ ಲೆಕ್ಕ. ಭಾರ, ಏರು, ಹಳೆಯ ಬ್ಯಾಟರಿ ಸೇರಿದರೆ ಅದು ಇಳಿಯುತ್ತದೆ.

ಮನೆಯಲ್ಲಿ ಎಲ್ಲರಿಗೂ ಕಲಿಸಿದ್ದು ಫ್ರೀವೀಲ್ ಲಿವರ್. ಅದನ್ನು ಬಿಡಿಸಿದರೆ ಮೋಟಾರಿಲ್ಲದೆ ಚೇರನ್ನು ಕೈಯಿಂದ ತಳ್ಳಬಹುದು. ಆದರೆ ಆಗ ಮೋಟಾರಿನ ಬ್ರೇಕೂ ಇರುವುದಿಲ್ಲ. ರ‍್ಯಾಂಪ್ ಮೇಲೆ ಅದನ್ನು ಮುಟ್ಟಲೇಬಾರದು.

ಕೊಳ್ಳುವ ಮೊದಲು ಮನೆಗೇ ತರಿಸಿ ಬಚ್ಚಲ ಬಾಗಿಲಿನಲ್ಲಿ, ಹಾಸಿಗೆಯ ಪಕ್ಕದಲ್ಲಿ ಓಡಿಸಿ ನೋಡಿದೆವು. ಶೋರೂಮಿನ ನುಣುಪು ನೆಲದಲ್ಲಿ ಎಲ್ಲ ಚೇರೂ ಚೆನ್ನಾಗಿಯೇ ಓಡುತ್ತವೆ, ಅಲ್ವಾ? ತಂತ್ರಜ್ಞರು ಅಮ್ಮನ ಕೈನಡುಕಕ್ಕೆ ತಕ್ಕಂತೆ ಜಾಯ್‌ಸ್ಟಿಕ್‌ನ ಸೂಕ್ಷ್ಮತೆ ಇಳಿಸಿದರು, ತಿರುಗುವ ವೇಗವನ್ನು ಬೇರೆಯಾಗಿ ಕಡಿಮೆ ಮಾಡಿದರು. ಈಗ ಅವಳ ಕೈ ಪಳಗಿದೆ. ಹೊರಗೆ ಓಡಿಸುವ ವೇಗ ಸ್ವಲ್ಪ ಹೆಚ್ಚಿಸಿ ಕೊಡು ಅಂತಿದ್ದಾಳೆ. ಸರ್ವಿಸಿಗೆ ಬಂದಾಗ ಅದನ್ನು ಮಾಡಿಸಿ, ನಿಲ್ಲುವುದನ್ನೂ ಇನ್ನಷ್ಟು ಮೆತ್ತಗೆ ಮಾಡಿಸಬೇಕು.